ಐವತ್ತಕ್ಕೆ ಐವತ್ತು ಕೂಡಿದರೆ ಎಷ್ಟು?

ಭಾನುವಾರ ಬೆಳಗ್ಗೆ ಅಕ್ಕನ ಮಗಳು ನಮ್ಮನೆಗೆ ಬಂದಿದ್ದಳು. ಈ ವರ್ಷವಷ್ಟೇ ಬಿಇ ಮುಗಿಸಿ ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಪೀಜಿ ಊಟ ಬೇಜಾರಾದಾಗೆಲ್ಲ ಮುದ್ದೆ, ಸೊಪ್ಪಿನ ಸಾರು ಹುಡುಕಿಕೊಂಡು ಬರುತ್ತಾಳೆ. 'ಸೊಪ್ಪು ತರೋಣ ಬಾರೆ' ಅಂದೆ. 'ಐದೇ ನಿಮಿಷ ಮಾಮ' ಅಂತ ಕನ್ನಡಿ ಮುಂದೆ ಹೋದವಳು ಕಾಲು ಗಂಟೆಯಾದರೂ ಪತ್ತೆ ಇಲ್ಲ.

ಇಣುಕಿ ನೋಡಿದೆ. ಮೊದಲು ಎಸ್‌ಪಿಎಫ್ 15 ಇರುವ ಮಾಯಿಶ್ಚರೈಸರ್. ಅದು ಆರಿದ ಮೇಲೆ ಎಸ್‌ಪಿಎಫ್ 50ರ ಜೆಲ್. ಫೋನಲ್ಲಿ ಮೂರು ನಿಮಿಷ ಟೈಮರ್ ಇಟ್ಟು ಕಾಯುವುದು. ಅದರ ಮೇಲೆ ಜಿಂಕ್ ಇರುವ ಬಿಳಿ ಕ್ರೀಮು, ಅದೂ 50. ಕೊನೆಗೆ ಎಸ್‌ಪಿಎಫ್ 20 ಅಂತ ಬರೆದಿರೋ ಕಾಂಪ್ಯಾಕ್ಟ್ ಪೌಡರ್.

'ಇಷ್ಟೆಲ್ಲ ಯಾಕೆ ಪುಟ್ಟಿ?' ಅಂದೆ.

'ಒಟ್ಟು 135 ಆಗುತ್ತೆ ಮಾಮ' ಅಂದಳು. ಮುಖದಲ್ಲಿ ಹೋಂವರ್ಕ್ ಮುಗಿಸಿದವಳ ಸಮಾಧಾನ.

ಸೊಪ್ಪಿನ ಗಾಡಿ ನಿಲ್ಲೋದು ನಮ್ಮ ಬೀದಿಯ ಕೊನೆಯಲ್ಲಿ, ಹೊಂಗೆ ಮರದ ಕೆಳಗೆ.

ನನಗೆ ನಗೋಕೆ ಬಾಯಿ ಬರಲಿಲ್ಲ. ಯಾಕಂದ್ರೆ ಎರಡು ವರ್ಷದ ಹಿಂದೆ ನನ್ನ ಬಾತ್‌ರೂಮಿನ ಶೆಲ್ಫಲ್ಲೂ ಇಂಥವೇ ಮೂರು ಟ್ಯೂಬು ಇದ್ದವು. ಟೀಮಿನ ಹುಡುಗನೊಬ್ಬ 'ಒಂದು ಸನ್‌ಸ್ಕ್ರೀನ್ ಎಲ್ಲಿ ಸಾಕಾಗುತ್ತೆ ಗುರು, ಲೇಯರ್ ಮಾಡ್ಬೇಕು' ಅಂದಿದ್ದ. ನಾನು ಮಾಡಿದೆ. ತಿಂಗಳಿಗೆ ಒಂದೂವರೆ ಸಾವಿರ ರೂಪಾಯಿ ಮುಖಕ್ಕೆ ಬಳಿದುಕೊಂಡೆ. ಮನೆ ಬಾಗಿಲಲ್ಲಿ ಕ್ಯಾಬ್ ಹತ್ತಿ, ಆಫೀಸಿನ ಬೇಸ್‌ಮೆಂಟಲ್ಲಿ ಇಳಿದು, ಟ್ಯೂಬ್‌ಲೈಟ್ ಕೆಳಗೆ ದಿನವೆಲ್ಲ ಕೂತು, ಕತ್ತಲಾದ ಮೇಲೆ ವಾಪಸ್ ಬರುತ್ತಿದ್ದ ಮುಖ ಅದು. ಹಾಗಾಗಿ ಇದನ್ನು ಉಪದೇಶ ಅಂತ ತಗೋಬೇಡಿ. ತಪ್ಪೊಪ್ಪಿಗೆ ಜೊತೆ ಒಂದು ಜಗಳ ಅಂತ ತಗೊಳ್ಳಿ.

ಮೊದಲು ಲೆಕ್ಕ ಮುಗಿಸೋಣ, ಆಮೇಲೆ ಜಗಳ.

ಎಸ್‌ಪಿಎಫ್ ಕೂಡಿಸುವ ಸಂಖ್ಯೆಯೇ ಅಲ್ಲ. ಬರೀ ಚರ್ಮ ಕೆಂಪಾಗೋಕೆ ಎಷ್ಟು ಯುವಿ ಬೇಕೋ, ಕ್ರೀಮು ಹಚ್ಚಿದ ಚರ್ಮ ಕೆಂಪಾಗೋಕೆ ಅದರ ಎಷ್ಟು ಪಟ್ಟು ಬೇಕು ಅನ್ನೋದು ಎಸ್‌ಪಿಎಫ್. ಹೀಗೆ ಕೆಂಪಾಗಿಸೋ ಕಿರಣಗಳಲ್ಲಿ ಮುಖ್ಯವಾದದ್ದು ಯುವಿಬಿ. ಎಸ್‌ಪಿಎಫ್ 15 ಸುಮಾರು ಶೇ. 93ರಷ್ಟು ಯುವಿಬಿ ತಡೆಯುತ್ತದೆ. 30 ಇದ್ದರೆ ಶೇ. 97. 50 ಇದ್ದರೆ ಶೇ. 98. ಅಂದರೆ 30ರಿಂದ 50ಕ್ಕೆ ಜಿಗಿದರೆ ನಿಮಗೆ ಸಿಗೋದು ಒಂದು ಪರ್ಸೆಂಟ್ ಚಿಲ್ಲರೆ. ಐವತ್ತರ ಮೇಲೆ ಉಳಿದಿರೋದೇ ಎರಡು ಪರ್ಸೆಂಟ್. ಆ ಎರಡರೊಳಗೆ ಇನ್ನೆಷ್ಟು ಡಬ್ಬಿ ತುರುಕುತ್ತೀರಿ? ಬಿಸಿಲನ್ನು ನಮಗಿಂತ ಭಯಂಕರವಾಗಿ ತಲೆಗೆ ಹಚ್ಚಿಕೊಂಡಿರೋ ಆಸ್ಟ್ರೇಲಿಯಾದಲ್ಲೇ ಡಬ್ಬಿ ಮೇಲೆ 50+ಗಿಂತ ದೊಡ್ಡ ಸಂಖ್ಯೆ ಬರೆಯೋ ಹಾಗಿಲ್ಲ. ನಮ್ಮ ಹುಡುಗಿ ಸೊಪ್ಪು ತರೋಕೆ 135 ಹಾಕಿಕೊಂಡು ಹೊರಟಿದ್ದಾಳೆ.

ಈಗ ನಿಮ್ಮೊಳಗಿನ ಇಂಜಿನಿಯರ್ ಬಾಯಿ ಹಾಕುತ್ತಾನೆ, ಗೊತ್ತು. 'ಕೂಡಬಾರದು ಸರಿ, ಗುಣಿಸಬಹುದಲ್ಲ? ಮೊದಲ ಪದರ ಐವತ್ತರಲ್ಲಿ ಒಂದು ಭಾಗ ಬಿಟ್ಟಿತು, ಎರಡನೇದು ಅದರಲ್ಲಿ ಐವತ್ತನೇ ಒಂದು ಭಾಗ ಬಿಟ್ಟಿತು, ಒಟ್ಟು 2500.' ನಾನೂ ಈ ಲೆಕ್ಕ ಹಾಕಿದವನೇ. ಕೂಡಿದರೆ 100, ಗುಣಿಸಿದರೆ 2500. ಎರಡೂ ಕಾಗದದ ಮೇಲಿನ ಮಾತು. ಯಾಕಂದ್ರೆ ಡಬ್ಬಿ ಮೇಲಿನ ಆ 50 ಬಂದಿರೋದು ಪ್ರಯೋಗಾಲಯದಲ್ಲಿ ಒಂದು ಚದರ ಸೆಂಟಿಮೀಟರ್ ಚರ್ಮಕ್ಕೆ 2 ಮಿಲಿಗ್ರಾಂ ಹಚ್ಚಿ ಅಳೆದಾಗ. ನಾವು ಹಚ್ಚೋದು ಸಾಮಾನ್ಯವಾಗಿ ಅದರ ಕಾಲು ಭಾಗ, ಹೆಚ್ಚೆಂದರೆ ಅರ್ಧ. ಅಷ್ಟು ತೆಳ್ಳಗೆ ಹಚ್ಚಿದರೆ 50 ಅಂತ ಬರೆದಿದ್ದರೂ ಮುಖದ ಮೇಲೆ 50 ಇರಲ್ಲ.

ಬೇಕಾದರೆ ಇವತ್ತೇ ಪರೀಕ್ಷೆ ಮಾಡಿ. ಮುಖ, ಕುತ್ತಿಗೆ ಸೇರಿ ಸುಮಾರು 600 ಚದರ ಸೆಂಟಿಮೀಟರ್ ಅಂತ ಇಟ್ಟುಕೊಳ್ಳಿ. ಒಂದು ಸಲಕ್ಕೆ 1.2 ಗ್ರಾಂ ಬೇಕು. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಗೆರೆ ಎಳೆದರೆ ಹೆಚ್ಚುಕಮ್ಮಿ ಅಷ್ಟಾಗುತ್ತೆ. 50 ಗ್ರಾಂ ಟ್ಯೂಬು ದಿನಕ್ಕೊಂದು ಸಲ ಹಚ್ಚಿದರೆ 41 ದಿನ ಬರಬೇಕು. ನಿಮ್ಮ ಟ್ಯೂಬು ನಾಲ್ಕು ತಿಂಗಳು ಬಂತಾ? ಹಾಗಾದರೆ ನೀವು ಹಚ್ಚಿದ್ದು ಬೇಕಾದ್ದರಲ್ಲಿ ಮೂರನೇ ಒಂದು ಭಾಗ. ನನ್ನದು ಐದು ತಿಂಗಳು ಬಂದಿತ್ತು. ಅಂಥ ಮೂರು ಟ್ಯೂಬು ಇಟ್ಟುಕೊಂಡು ನಾನು ಕೋಟೆ ಕಟ್ಟಿದ್ದೀನಿ ಅಂದುಕೊಂಡಿದ್ದೆ.

'ಅಲ್ಲಪ್ಪ, ತೆಳು ಪದರ ಮೂರು ಸೇರಿದರೆ ಒಂದು ದಪ್ಪ ಪದರ ಆಯ್ತಲ್ಲ?' ಇದು ನ್ಯಾಯವಾದ ಪ್ರಶ್ನೆ. ಎರಡನೇ ಸಲ ಹಚ್ಚಿದರೆ ರಕ್ಷಣೆ ಹೆಚ್ಚುತ್ತೆ, ಸುಳ್ಳಲ್ಲ. ಮೊದಲ ಸಲ ಬಿಟ್ಟ ಜಾಗ ತುಂಬುತ್ತೆ, ಒಟ್ಟು ಪ್ರಮಾಣವೂ ಜಾಸ್ತಿಯಾಗುತ್ತೆ. ಆದರೆ ಆ ಲಾಭ ಬರೋದು ಹೆಚ್ಚು ಹಚ್ಚಿದ್ದಕ್ಕೆ, ಬೇರೆ ಬೇರೆ ಹಚ್ಚಿದ್ದಕ್ಕಲ್ಲ. ಅದೇ ಡಬ್ಬಿಯಿಂದ ಇನ್ನೊಂದು ಸಲ ತೆಗೆದು ಹಚ್ಚಿ, ಕೆಲಸ ಮುಗೀತು.

ಬೇರೆ ಬೇರೆ ಹಚ್ಚಿದಾಗ ಇನ್ನೊಂದು ತಲೆನೋವಿದೆ. ನಮ್ಮ ಭಾಷೆಯಲ್ಲೇ ಹೇಳ್ತೀನಿ. ಒಂದೊಂದು ಕ್ರೀಮೂ ಯೂನಿಟ್ ಟೆಸ್ಟ್ ಪಾಸಾಗಿ ಬಂದಿದೆ, ಇಂಟಿಗ್ರೇಶನ್ ಟೆಸ್ಟ್ ಮಾತ್ರ ಯಾರೂ ಮಾಡಿಲ್ಲ. ನಿಮ್ಮ ಜೆಲ್ ಮೇಲೆ ನಿಮ್ಮ ಜಿಂಕ್, ಅದರ ಮೇಲೆ ನಿಮ್ಮ ಪೌಡರ್, ಈ ಜೋಡಣೆಯನ್ನು ಯಾವ ಲ್ಯಾಬೂ ಅಳೆದಿಲ್ಲ. ಸನ್‌ಸ್ಕ್ರೀನ್ ಕೆಲಸ ಮಾಡೋದು ಚರ್ಮದ ಮೇಲೆ ಒಂದೇ ಸಮನಾದ ತೆಳು ಪೊರೆಯಾಗಿ ಕೂತಾಗ. ಅದು ಕೂತ ಮೇಲೆ ಬೇರೆ ಜಾತಿಯ ಕ್ರೀಮು ತಂದು ಉಜ್ಜಿದರೆ ಕೆಳಗಿನ ಪೊರೆ ಕಿತ್ತು ಬರಬಹುದು. ಪರೀಕ್ಷೆ ಪೇಪರ್ ಮೇಲೆ ರಬ್ಬರ್ ಉಜ್ಜಿದಾಗ ಉದುರುತ್ತಲ್ಲ, ಹಾಗೆ ಕೆನ್ನೆ ಮೇಲೆ ಸಣ್ಣ ಸಣ್ಣ ಉಂಡೆ ಏಳೋದು ನೋಡಿರ್ತೀರಿ. ಉದುರಿದ್ದು ನಿಮ್ಮ ಐವತ್ತು. ಸಾಲದ್ದಕ್ಕೆ ಅವೊಬೆನ್ಜೋನ್ ಅಂತ ಒಂದಿದೆ, ಯುವಿಎ ತಡೆಯೋಕೆ ಬಹಳಷ್ಟು ಕ್ರೀಮುಗಳಲ್ಲಿ ಹಾಕ್ತಾರೆ. ಅದು ಬಿಸಿಲಿಗೇ ಮುರಿದು ಹೋಗೋ ಸ್ವಭಾವದ್ದು. ಮೇಲ್ಲೇಪ ಇಲ್ಲದ ಟೈಟೇನಿಯಂ ಡೈಆಕ್ಸೈಡ್, ಜಿಂಕ್ ಆಕ್ಸೈಡ್ ಪಕ್ಕಕ್ಕೆ ಬಂದರೆ ಇನ್ನೂ ಬೇಗ ಮುರಿಯುತ್ತೆ. ಒಂದೇ ಡಬ್ಬಿಯಲ್ಲಿ ಇವನ್ನು ಸೇರಿಸುವಾಗ ತಯಾರಿಸಿದವರು ಅದಕ್ಕೆ ತಕ್ಕ ಏರ್ಪಾಟು ಮಾಡಿರುತ್ತಾರೆ. ನಿಮ್ಮ ಕೆನ್ನೆ ಮೇಲೆ ನೀವೇ ಸೇರಿಸಿದರೆ ಆ ಏರ್ಪಾಟು ಎಲ್ಲಿಂದ ಬರಬೇಕು?

ಇನ್ನೊಂದು ಮಾತು. ಕಿಟಕಿ ಗಾಜು ಯುವಿಬಿಯನ್ನು ಬಹುಪಾಲು ತಡೆಯುತ್ತೆ, ಯುವಿಎಯನ್ನು ಸಾಕಷ್ಟು ಒಳಗೆ ಬಿಡುತ್ತೆ. ಕಿಟಕಿ ಪಕ್ಕ ಕೂರೋರು ನೋಡಬೇಕಾದ್ದು ಎಸ್‌ಪಿಎಫ್ ಸಂಖ್ಯೆಯನ್ನಲ್ಲ, ಪಿಎ ಮುಂದೆ ಎಷ್ಟು ಪ್ಲಸ್ ಇದೆ ಅಂತ. ಅದು ಜಪಾನಿನವರು ಯುವಿಎಗೆ ಮಾಡಿಕೊಂಡ ಅಳತೆ, ನಾಲ್ಕು ಪ್ಲಸ್ಸು ಅದರಲ್ಲಿ ಮೇಲಿನ ದರ್ಜೆ. ಇನ್ನು ಹೊರಗೆ ಬಿಸಿಲಲ್ಲಿ ಇರೋರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು, ಬೆವರಿದರೆ ಇನ್ನೂ ಬೇಗ. ಬೆಳಗ್ಗೆ ಎಂಟಕ್ಕೆ ನಾಲ್ಕು ಪದರ ಹಾಕಿದರೆ ಮಧ್ಯಾಹ್ನ ಒಂದಕ್ಕೆ ಉಳಿದಿರುತ್ತೆ ಅನ್ನೋದು, ಬೆಳಗ್ಗೆ ನಾಲ್ಕು ತಟ್ಟೆ ಇಡ್ಲಿ ತಿಂದರೆ ರಾತ್ರಿ ಊಟ ಬೇಡ ಅಂದಂಗೆ.

ಲೆಕ್ಕ ಮುಗೀತು. ಈಗ ಜಗಳ.

ಇದೆಲ್ಲ ಓದಿ ತಿಳಿಯೋದು ನಮ್ಮಂಥವರಿಗೆ ಅರ್ಧ ಗಂಟೆ ಕೆಲಸ. ಲೋನ್ ತಗೊಳ್ಳುವಾಗ ಬಡ್ಡಿ ಲೆಕ್ಕ ಹಾಕ್ತೀವಿ, ಫೋನ್ ಕೊಳ್ಳುವಾಗ ಹತ್ತು ವಿಡಿಯೋ ನೋಡ್ತೀವಿ. ಮುಖಕ್ಕೆ ಬಂದಾಗ ಮಾತ್ರ ಕೂಡೋದು ಕಳೆಯೋದು ಮರೆತು ಹೋಗುತ್ತೆ. ಯಾಕೆ? ನನ್ನ ಉತ್ತರ ಇಷ್ಟು. ನಾವು ಎರಡನೇ, ಮೂರನೇ ಪದರ ಹಚ್ಚುವುದು ಬಿಸಿಲಿಗೆ ಹೆದರಿ ಅಲ್ಲ. ಕಪ್ಪಗಾಗೋಕೆ ಹೆದರಿ.

ನಾನು ಎಂಟನೇ ಕ್ಲಾಸಲ್ಲಿದ್ದಾಗ ಅಕ್ಕನಿಗೆ ಗಂಡು ನೋಡುತ್ತಿದ್ದರು. ಚಳ್ಳಕೆರೆ ಸೀಮೆ ನಮ್ಮದು. ಮಳೆ ಕಮ್ಮಿ, ಬಿಸಿಲು ಜಾಸ್ತಿ, ಹೊಲದ ತುಂಬ ಶೇಂಗಾ. ಅಕ್ಕ ಹೊಲದ ಕೆಲಸ, ಮನೆ ಕೆಲಸ ಎರಡೂ ಮಾಡಿಕೊಂಡು ಪಿಯುಸಿ ಫಸ್ಟ್ ಕ್ಲಾಸಲ್ಲಿ ಪಾಸಾದವಳು. ಬಂದವರು ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಊರಿಗೆ ಹೋಗಿ ಹೇಳಿ ಕಳಿಸುತ್ತಿದ್ದರು: 'ಹುಡುಗಿ ಲಕ್ಷಣವಾಗಿದ್ದಾಳೆ, ಸ್ವಲ್ಪ ಬಣ್ಣ ಕಮ್ಮಿ.' ಮೂರು ಕಡೆಯಿಂದ ಇದೇ ಮಾತು ಬಂತು. ಆಮೇಲೆ ಮನೆಯಲ್ಲಿ ಎರಡು ಬದಲಾವಣೆ ಆದವು. ಅಕ್ಕನನ್ನು ಹೊಲಕ್ಕೆ ಕಳಿಸೋದು ನಿಲ್ಲಿಸಿದರು. ಬಚ್ಚಲ ಗೂಡಿನಲ್ಲಿ ಬೆಳ್ಳಗಾಗೋ ಕ್ರೀಮಿನ ಸ್ಯಾಷೆಗಳು ಬಂದು ಕೂತವು. ಅಕ್ಕ ಅದನ್ನು ಕತ್ತರಿಸಿ, ಒಳಗೆ ಬೆರಳು ಹಾಕಿ, ಕೊನೆ ಹನಿವರೆಗೂ ಬಳಿದು ಹಚ್ಚಿಕೊಳ್ಳುತ್ತಿದ್ದಳು. ಹಾಗೆ ಬೆಳ್ಳಗಾದವರನ್ನು ನಾನಂತೂ ನೋಡಿಲ್ಲ.

ನಮ್ಮ ಕನ್ನಡದಲ್ಲೇ ಒಂದು ಮಾತಿದೆ ನೋಡಿ, 'ಕಪ್ಪಗಿದ್ರೂ ಲಕ್ಷಣವಾಗಿದ್ದಾಳೆ.' ಅದರಲ್ಲಿ ಆ 'ರೂ' ಇದೆಯಲ್ಲ, ಅಷ್ಟು ಚಿಕ್ಕ ಅಕ್ಷರ ಒಬ್ಬ ಹುಡುಗಿಯ ಮದುವೆಯನ್ನು ಎರಡು ವರ್ಷ ಮುಂದಕ್ಕೆ ಹಾಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. 'ಬೆಳ್ಳಗಿದ್ರೂ ಲಕ್ಷಣವಾಗಿದ್ದಾಳೆ' ಅಂತ ಯಾರಾದರೂ ಹೇಳಿದ್ದು ಕೇಳಿದ್ದೀರಾ?

ಕಾಲ ಬದಲಾಯ್ತು ಅಂತೀರಿ. ಏನು ಬದಲಾಯ್ತು? 2020ರಲ್ಲಿ ದೇಶದ ಅತಿ ಹೆಸರುವಾಸಿ ಕ್ರೀಮೊಂದು ತನ್ನ ಹೆಸರಲ್ಲಿದ್ದ 'ಫೇರ್' ತೆಗೆದು 'ಗ್ಲೋ' ಹಾಕಿಕೊಂಡಿತು. ಕಪ್ಪು ಅನ್ನೋಕೆ ನಾಚಿಕೆಪಡೋ ಕಾಲ ಬಂತು, ಸರಿ. ಆ ಜಾಗಕ್ಕೆ 'ಟ್ಯಾನ್' ಬಂತು, 'ಡಲ್' ಬಂತು, 'ಬ್ರೈಟನಿಂಗ್' ಬಂತು. ಸನ್‌ಸ್ಕ್ರೀನ್ ಜಾಹೀರಾತಲ್ಲಿ ಕಪ್ಪು ಹುಡುಗಿ ಎಷ್ಟು ಸಲ ಕಂಡಿದ್ದಾಳೆ, ಲೆಕ್ಕ ಹಾಕಿ ನೋಡಿ. ಅಕ್ಕ ಸ್ಯಾಷೆ ಕತ್ತರಿಸಿ ಬಳಿಯುತ್ತಿದ್ದಳು. ಅವಳ ಮಗಳು ಬಿಇ ಓದಿ, ಸ್ವಂತ ಸಂಬಳ ತಗೊಂಡು, ನಾಲ್ಕು ಡಬ್ಬಿ ಬಳಿಯುತ್ತಿದ್ದಾಳೆ. ಇಷ್ಟು ವರ್ಷಕ್ಕೆ ನಾವು ಮಾಡಿದ ಪ್ರಗತಿ ಇದೇ ಆದರೆ ನನಗೆ ಹೊಟ್ಟೆ ಉರಿಯುತ್ತೆ ಸ್ವಾಮಿ.

ಇದರ ಇನ್ನೊಂದು ತಮಾಷೆ ಕೇಳಿ. ಎಸ್‌ಪಿಎಫ್ ಸಂಖ್ಯೆಯನ್ನು ಜನಪ್ರಿಯ ಮಾಡಿದವನು ಆಸ್ಟ್ರಿಯಾದ ಫ್ರಾಂಜ್ ಗ್ರೈಟರ್. 1938ರಲ್ಲಿ ಪಿಟ್ಸ್ ಬುಯಿನ್ ಅನ್ನೋ ಹಿಮದ ಪರ್ವತ ಹತ್ತುವಾಗ ಬಿಸಿಲಿಗೆ ಮೈ ಸುಟ್ಟುಕೊಂಡ, ಆಮೇಲೆ ಕ್ರೀಮು ತಯಾರಿಸೋಕೆ ಹೊರಟ ಅನ್ನೋದು ಅವನ ಕತೆ. ಅಂದರೆ ಈ ಅಳತೆ ಹುಟ್ಟಿದ್ದು ಬೇಗ ಕೆಂಪಾಗಿ ಸುಡುವ ಚರ್ಮಕ್ಕೆ. ನಮ್ಮ ಚರ್ಮದಲ್ಲಿರೋ ಮೆಲನಿನ್ ನಮಗೆ ಸ್ವಲ್ಪ ರಕ್ಷಣೆ ಕೊಟ್ಟೇ ಕಳಿಸಿದೆ. ಹಾಗಂತ ನಮಗೆ ಸನ್‌ಸ್ಕ್ರೀನ್ ಬೇಡವೇ ಬೇಡ ಅಂತ ನಾನು ಹೇಳ್ತಿಲ್ಲ. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ. ತಣ್ಣನೆ ಗಾಳಿ ಮೋಸ ಮಾಡುತ್ತೆ, ಸೆಖೆ ಇಲ್ಲದಿದ್ದರೂ ಯುವಿ ಇರುತ್ತೆ. ಮಾರ್ಚ್, ಏಪ್ರಿಲ್ ಮಧ್ಯಾಹ್ನ ಇಲ್ಲಿ ಯುವಿ ಇಂಡೆಕ್ಸ್ 11 ದಾಟೋದು ಸಾಮಾನ್ಯ, ಅದು ಆ ಅಳತೆಯಲ್ಲಿ ಕಟ್ಟಕಡೆಯ ದರ್ಜೆ. ತೊನ್ನು ಇರುವವರಿಗೆ, ಲೂಪಸ್ ಇರುವವರಿಗೆ, ಬಂಗು ಇರುವವರಿಗೆ ಸನ್‌ಸ್ಕ್ರೀನ್ ಶೋಕಿ ಅಲ್ಲ.

ಬಂಗು ಅಂದಾಗ ಅವ್ವ ನೆನಪಾಗುತ್ತಾಳೆ. ಅವಳ ಎರಡೂ ಕೆನ್ನೆ ಮೇಲೆ ಬಂಗು ಇದೆ, ನನಗೆ ಬುದ್ಧಿ ಬಂದಾಗಿನಿಂದ ನೋಡ್ತಿದ್ದೀನಿ. ಎರಡು ವರ್ಷದ ಹಿಂದೆ ಅವಳು ಬೆಂಗಳೂರಿಗೆ ಬಂದಾಗ ನನ್ನ ಬೆಳಗಿನ ಪೂಜೆ ನೋಡಿ 'ಇದೇನೋ, ಮಕಕ್ಕೆ ಸುಣ್ಣ ಬಳ್ಕಂಡಂಗೆ ಆಗೈತಲ್ಲೋ' ಅಂದಳು. ನಾನು ನಕ್ಕೆ. ಅವಳೂ ನಕ್ಕಳು. ಅವಳು ನಕ್ಕಾಗ ಆ ಎರಡು ಮಚ್ಚೆ ಕಂಡವು. ಮೂವತ್ತೈದು ವರ್ಷ ಹೊಲದಲ್ಲಿ ಬಿಸಿಲಿಗೆ ಮುಖ ಕೊಟ್ಟ ಹೆಂಗಸಿಗೆ ಒಂದೇ ಒಂದು ಟ್ಯೂಬು ತಂದುಕೊಡಬೇಕು ಅಂತ ಎಸಿಯಲ್ಲಿ ಕೂರೋ ಮಗನಿಗೆ ಹೊಳೆದಿರಲಿಲ್ಲ. ಅವನು ತನಗೆ ಮೂರು ಕೊಂಡಿದ್ದ.

ಚರ್ಮದ ಡಾಕ್ಟರ ಹತ್ತಿರ ಕರಕೊಂಡು ಹೋದೆ. ನಾನು ಶ್ರದ್ಧೆಯಿಂದ ಕೇಳಿದೆ, 'ಯಾವ್ಯಾವುದು ಲೇಯರ್ ಮಾಡಬೇಕು ಡಾಕ್ಟ್ರೇ?' ಅವರು ನನ್ನ ಮುಖ ನೋಡಿ, 'ಒಂದೇ ಸಾಕು, ಬಣ್ಣ ಬೆರೆಸಿದ್ದು ತಗೊಳ್ಳಿ' ಅಂದರು. ಬಂಗು ಬರೀ ಯುವಿಯಿಂದ ಹೆಚ್ಚಾಗಲ್ಲವಂತೆ, ಕಣ್ಣಿಗೆ ಕಾಣೋ ಬೆಳಕಿಂದಲೂ ಹೆಚ್ಚಾಗುತ್ತೆ, ನಮ್ಮಂಥ ಕಂದು ಚರ್ಮಕ್ಕೆ ಇನ್ನೂ ಹೆಚ್ಚು. ಬಣ್ಣವಿಲ್ಲದ ಸನ್‌ಸ್ಕ್ರೀನು ಎಷ್ಟು ಪದರ ಹಾಕಿದರೂ ಆ ಬೆಳಕನ್ನು ತಡೆಯೋದು ಅಷ್ಟಕ್ಕಷ್ಟೆ. ಐರನ್ ಆಕ್ಸೈಡ್ ಬೆರೆಸಿದ, ಚರ್ಮದ ಬಣ್ಣದ ಕ್ರೀಮು ತಡೆಯುತ್ತೆ. ಯಾರಿಗೆ ಏನು ಬೇಕು ಅನ್ನೋದು ಡಬ್ಬಿಯ ಲೆಕ್ಕದಿಂದ ಬರಲ್ಲ, ತೊಂದರೆ ಏನು ಅಂತ ನೋಡಿದಾಗ ಬರುತ್ತೆ. ಆಮೇಲೆ ಅವ್ವನ ಕಡೆ ತಿರುಗಿ, 'ಹೊಲದಲ್ಲಿ ತಲೆಗೆ ಏನು ಕಟ್ಕೋತೀರಮ್ಮ?' ಅಂತ ಕೇಳಿದರು. ಅವ್ವ ಹೇಳಿದಳು: ಸೀರೆ ಮೇಲೆ ನಮ್ಮಪ್ಪನ ಹಳೇ ಫುಲ್ ತೋಳಿನ ಶರ್ಟು, ತಲೆಗೆ ಟವಲ್ಲು, ಹನ್ನೆರಡರಿಂದ ಮೂರರವರೆಗೆ ಬೇವಿನ ಮರದ ಕೆಳಗೆ. ಡಾಕ್ಟರು 'ಬಹಳ ಒಳ್ಳೇದು, ಟವಲ್ ಅಂಚು ಸ್ವಲ್ಪ ಮುಂದಕ್ಕೆ ಬರಲಿ' ಅಂದರು.

1981ರಲ್ಲಿ ಆಸ್ಟ್ರೇಲಿಯಾದಲ್ಲಿ ಒಂದು ದೊಡ್ಡ ಪ್ರಚಾರ ಶುರುವಾಯ್ತು, 'ಸ್ಲಿಪ್, ಸ್ಲಾಪ್, ಸ್ಲ್ಯಾಪ್' ಅಂತ. ಶರ್ಟು ತೊಡಿ, ಕ್ರೀಮು ಹಚ್ಚಿ, ಟೋಪಿ ಹಾಕಿ ಅಂತ ಅದರರ್ಥ. 2007ರಲ್ಲಿ ಅದಕ್ಕೆ ನೆರಳು ಹುಡುಕಿ, ತಂಪು ಕನ್ನಡಕ ಹಾಕಿ ಅಂತ ಸೇರಿಸಿದರು. ನೋಡಿ, ಅಲ್ಲೂ ಪದರಗಳೇ ಇರೋದು. ಐದರಲ್ಲಿ ಕ್ರೀಮು ಒಂದು. ಶರ್ಟು, ಟೋಪಿ, ನೆರಳು ಈ ಮೂರನ್ನು ನಮ್ಮ ಊರಿನ ಹೆಂಗಸರು ಯಾವ ಪ್ರಚಾರವೂ ಇಲ್ಲದೆ ಮಾಡ್ತಾ ಬಂದಿದ್ದಾರೆ. ನಾವು ನಾಲ್ಕು ಪದರ ಬಿಟ್ಟು ಒಂದನ್ನೇ ನಾಲ್ಕು ಸಲ ಹಚ್ಚುತ್ತಿದ್ದೇವೆ. ಛತ್ರಿ ಹಿಡಿದುಕೊಂಡು ಹೋಗೋಕೆ ನಾಚಿಕೆ, ಟೋಪಿ ಹಾಕಿದರೆ ಕೂದಲು ಕೆಡುತ್ತೆ, ಫುಲ್ ತೋಳು ಹಾಕಿದರೆ ಸೆಖೆ.

ಇನ್ನು ನಿಜವಾಗಿ ಬಿಸಿಲಲ್ಲಿ ನಿಂತವರನ್ನು ನೋಡಿ. ಟೆಕ್ ಪಾರ್ಕಿನ ಗೇಟಲ್ಲಿ ನಮ್ಮ ಕಾರಿಗೆ ಅಡ್ಡಗಂಬ ಎತ್ತೋ ಸೆಕ್ಯೂರಿಟಿಯವರು, ಬೀದಿ ಗುಡಿಸೋ ಪೌರಕಾರ್ಮಿಕರು, ಸಿಗ್ನಲಲ್ಲಿ ನಿಂತ ಟ್ರಾಫಿಕ್ ಪೊಲೀಸರು, ಹನ್ನೆರಡು ಗಂಟೆಗೆ ನಮಗೆ ಬಿರಿಯಾನಿ ಜೊತೆ ಸನ್‌ಸ್ಕ್ರೀನನ್ನೂ ತಂದುಕೊಡೋ ಡೆಲಿವರಿ ಹುಡುಗರು. ಮೂರನೇ ಟ್ಯೂಬಿನ ದುಡ್ಡಲ್ಲಿ ಗೇಟಿಗೊಂದು ದೊಡ್ಡ ಛತ್ರಿ ಬರುತ್ತೆ. ನಾನು ಇದನ್ನು ಆಫೀಸಲ್ಲಿ ಕೇಳಿದೆ, ಇನ್ನೂ ಕೇಳ್ತಾ ಇದ್ದೀನಿ. ನೀವೂ ನಿಮ್ಮಲ್ಲಿ ಕೇಳಿ. ಹತ್ತು ಜನ ಕೇಳಿದರೆ ಬಂದೇ ಬರುತ್ತೆ.

ಅವತ್ತು ಸೊಪ್ಪು ತರುವಾಗ ಅಕ್ಕನ ಮಗಳಿಗೆ ಇದನ್ನೆಲ್ಲ ಹೇಳಿದೆ. ಅವಳು ಟ್ಯೂಬಿನ ಲೆಕ್ಕ ಒಪ್ಪಿದಳು. ಎರಡು ಬೆರಳಿನ ಗೆರೆಯೂ ಒಪ್ಪಿದಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅದೆಲ್ಲ ಸರಿ ಮಾಮ, ಅಮ್ಮನಿಗೆ ಏನಂದಿದ್ರು ಅಂತ ನನಗೂ ಗೊತ್ತು' ಅಂದಳು. ಅದಕ್ಕೆ ನನ್ನ ಹತ್ತಿರ ಯಾವ ಫಾರ್ಮುಲಾನೂ ಇರಲಿಲ್ಲ. ಲೆಕ್ಕ ತಿದ್ದೋದು ಸುಲಭ. ಹೆಣ್ಣು ನೋಡೋಕೆ ಬಂದವರ ಬಾಯಿ ತಿದ್ದಬೇಕಾದವರು ನಾವು, ಅಂದರೆ ಗಂಡಿನ ಕಡೆಯವರು, ಸೋದರಮಾವಂದಿರು, ಮ್ಯಾಟ್ರಿಮೋನಿಯಲ್ಲಿ 'ಬಣ್ಣ' ಅನ್ನೋ ಕಾಲಂ ತುಂಬೋ ಅಣ್ಣತಮ್ಮಂದಿರು. ಅದು ಆಗುವವರೆಗೂ ಅವಳ ಕೈಯಿಂದ ಡಬ್ಬಿ ಕಸಿದುಕೊಳ್ಳೋ ಹಕ್ಕು ನನಗಿಲ್ಲ. ಅವಳು ತಾನಾಗೇ ಒಂದಕ್ಕೆ ಇಳಿಸಿದ್ದಾಳೆ, ಆ ಒಂದನ್ನೇ ಎರಡು ಸಲ ಹಚ್ಚುತ್ತಾಳೆ.

ಅವ್ವನ ಕತೆ ಬೇರೆ. ಟ್ಯೂಬು ಕೊಟ್ಟು ಕಳಿಸಿ ಮೂರು ತಿಂಗಳಾದ ಮೇಲೆ ಊರಿಗೆ ಹೋದಾಗ ನೋಡಿದರೆ ಹೆಚ್ಚುಕಮ್ಮಿ ಹಾಗೇ ಇತ್ತು. 'ಯಾಕವ್ವ ಹಚ್ತಿಲ್ಲ?' ಅಂದೆ. 'ಹಚ್ತೀನಲ್ಲೋ, ಮದುವೆ ಮುಂಜಿಗೆ ಹೋಗುವಾಗ' ಅಂದಳು. 'ಹೊಲಕ್ಕೆ ಹೋಗುವಾಗ?' 'ಹೊಲಕ್ಕೆ ಹೋಗಾಕೆ ಯಾರಾದ್ರೂ ಕ್ರೀಮ್ ಹಚ್ಕಂತಾರೇನೋ? ಜನ ನಗಲ್ವಾ?'

ಬಿಸಿಲಿಗೆ ಅಂತ ಮಾಡಿದ ವಸ್ತುವನ್ನು ಬಿಸಿಲಲ್ಲಿ ಹಚ್ಚಿಕೊಂಡರೆ ಜನ ನಗುತ್ತಾರೆ ಅನ್ನೋ ಹಾಗೆ ಮಾಡಿಟ್ಟಿದ್ದೀವಲ್ಲ, ನನ್ನ ಜಗಳ ಇರೋದು ಅದರ ಜೊತೆ. ಈಗ ಪ್ರತಿ ಭಾನುವಾರ ಫೋನಲ್ಲಿ ಮಳೆ, ಶೇಂಗಾ ರೇಟು ವಿಚಾರಿಸಿದ ಮೇಲೆ ಕೇಳ್ತೀನಿ, 'ಇವತ್ತು ಹಚ್ಚಿದ್ಯೇನವ್ವ?' ಅಂತ. ಅವಳು 'ಹೂಂ ಕಣಪ್ಪ' ಅಂತಾಳೆ. ಸುಳ್ಳು ಅಂತ ಇಬ್ಬರಿಗೂ ಗೊತ್ತು. ಆದರೂ ಕೇಳೋದು ಬಿಟ್ಟಿಲ್ಲ.